ಶೇಕಡಾ ಹನ್ನೆರಡರ ಗುಡ್ಡ

ಮೂರನೆಯ ಕ್ಯೂಬೂ ಟಪ್ಪೆಂದು ಒಡೆಯಿತು. ಕಾಂಕ್ರೀಟ್ ಒಡೆಯುವಾಗ ದೊಡ್ಡ ಸದ್ದೇನೂ ಬರುವುದಿಲ್ಲ, ಈಡುಗಾಯಿ ಒಡೆದಷ್ಟೂ ಇಲ್ಲ. ಯಂತ್ರ ಮೆಲ್ಲಗೆ ಒತ್ತುತ್ತಾ ಹೋಗುತ್ತದೆ. ಕ್ಯೂಬು ತಡೆಯುವಷ್ಟು ತಡೆದು, ಇನ್ನಾಗದು ಎಂದಾಗ ಪಕ್ಕೆಗಳಿಂದ ಚಕ್ಕೆ ಉದುರಿಸಿ ಸೋಲುತ್ತದೆ. ಅದರ ಬಲ ಎಷ್ಟಿತ್ತೆಂಬುದು ಪರದೆಯ ಮೇಲೆ ಬಂದು ನಿಲ್ಲುತ್ತದೆ.

"ಮೂವತ್ತೆಂಟು ಪಾಯಿಂಟ್ ಆರು." ಲ್ಯಾಬಿನ ಸಹಾಯಕ ಇಸಕ್ಕಿಮುತ್ತು ಓದಿ ಹೇಳಿ, ಕಿವಿಯ ಮೇಲಿನ ಪೆನ್ನು ತೆಗೆದು ರಿಜಿಸ್ಟರಿನಲ್ಲಿ ಬರೆದರು. "ಮೂರೂ ಹತ್ತಿರ ಹತ್ತಿರ ಬಂದಿವೆ ತಾಯೀ. ಚೆನ್ನಾಗಿದೆ."

"ಏನು ಚೆನ್ನಾಗಿದೆ ಅಣ್ಣಾಚಿ? ನಲವತ್ತನಾಲ್ಕು ಬರಬೇಕಿತ್ತು!" ಎಂದಳು ಶೆಂಬಗವಲ್ಲಿ.

ಎರಡು ವರ್ಷದ ಹಿಂದೆ ಇದೇ ಯಂತ್ರ, ಇದೇ ಅಳತೆ, ಇದೇ ಶೆಂಬಗವಲ್ಲಿ. ಆಗ ಬಂದದ್ದು ನಲವತ್ತನಾಲ್ಕು ಪಾಯಿಂಟ್ ಆರು. ತಿರುನೆಲ್ವೇಲಿಯ ಕಲ್ಯಾಣ ಮಂಟಪಗಳ ಹಿಂದೆ ರಾಶಿ ಬೀಳುವ ಉಂಡ ಬಾಳೆಲೆಗಳನ್ನು ಹೊತ್ತು ತಂದು, ಒಣಗಿಸಿ, ಕುಲುಮೆಯಲ್ಲಿ ಸುಟ್ಟು, ಸಿಮೆಂಟಿನಲ್ಲಿ ನೂರಕ್ಕೆ ಹನ್ನೆರಡು ಪಾಲು ತೆಗೆದು ಆ ಬೂದಿ ಹಾಕಿದರೆ ಕಾಂಕ್ರೀಟಿನ ಬಲ ಏರುತ್ತದೆ ಎಂದು ಅವಳು ತೋರಿಸಿದ್ದಳು. ನಾಲ್ಕು ಪಾಲಿಗೆ ಏನೂ ಇಲ್ಲ, ಎಂಟಕ್ಕೂ ಇಲ್ಲ, ಹದಿನಾರಕ್ಕೂ ಇಲ್ಲ. ಹನ್ನೆರಡಕ್ಕೆ ಮಾತ್ರ ನಕ್ಷೆಯ ಗೆರೆ ಗುಡ್ಡದ ಹಾಗೆ ಎದ್ದು ನಿಲ್ಲುತ್ತಿತ್ತು. ಆ ಗುಡ್ಡವೇ ಪೇಪರ್ ಆಯಿತು, ಒಳ್ಳೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಅರವತ್ತೊಂದು ಮಂದಿ ತಮ್ಮ ಪೇಪರುಗಳಲ್ಲಿ ಅದನ್ನು ಹೆಸರಿಸಿದರು. ತಾಂತ್ರಿಕ ವಿಶ್ವವಿದ್ಯಾಲಯದ ಆ ವರ್ಷದ ಸಂಶೋಧನೆಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಡೀನ್ ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿ ದೊಡ್ಡ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಶೆಂಬಗವಲ್ಲಿ ಗುರುತಿನ ಚೀಟಿಯ ಫೋಟೋದ ಹಾಗೆಯೇ ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದಾಳೆ. ಒಂದು ಪಕ್ಕದಲ್ಲಿ ಬಾಳೆಲೆ, ಹಿಂದೆ ಯಾವುದೋ ದೇಶದ ಸೇತುವೆ. ಹಾಸ್ಟೆಲಿನ ಗೆಳತಿಯರು ಅವಳನ್ನು 'ಎಂಜಲೆಲೆ ಡಾಕ್ಟರ್' ಎಂದು ಕರೆಯತೊಡಗಿದರು. ಡಾಕ್ಟರ್ ಇನ್ನೂ ಆಗಿರಲಿಲ್ಲ. ಈಗಿನ ಸಂಕಟವೂ ಅದೇ.

ಉತ್ತರದ ಕಡೆಯ ಒಂದು ಪ್ರಯೋಗಶಾಲೆಯವರು ಅವಳ ಪ್ರಯೋಗವನ್ನು ಇದ್ದಂತೆಯೇ ಮಾಡಿ ನೋಡಿ, "ನಮಗೆ ಯಾವ ಗುಡ್ಡವೂ ಕಾಣಲಿಲ್ಲ" ಎಂದು ಪತ್ರಿಕೆಯ ಸಂಪಾದಕರಿಗೆ ಬರೆದುಬಿಟ್ಟರು. ಸಂಪಾದಕರು ಶೆಂಬಗವಲ್ಲಿಗೆ ಅರವತ್ತು ದಿನ ಕೊಟ್ಟರು: ಮತ್ತೆ ಮಾಡಿ ತೋರಿಸಿ, ಇಲ್ಲವೇ ಪೇಪರನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹಿಂದಕ್ಕೆ ತೆಗೆದುಕೊಳ್ಳುವುದು ಎಂದರೆ ಸುಮ್ಮನೆ ಮಾತೇ? ಅಚ್ಚಾದ ಪೇಪರ್ ಒಂದಾದರೂ ಇಲ್ಲದೆ ಪಿಎಚ್‌ಡಿಗೆ ಥೀಸಿಸ್ ಕೊಡುವ ಹಾಗಿಲ್ಲ ಎಂದು ವಿಶ್ವವಿದ್ಯಾಲಯದ ನಿಯಮ. ಅವಳ ಹೆಸರಿನಲ್ಲಿ ಇದ್ದದ್ದು ಅದೊಂದೇ. ಥೀಸಿಸ್ ಕೆಂಪು ರಟ್ಟು ಹಾಕಿಸಿಕೊಂಡು ಹಾಸ್ಟೆಲಿನ ಮೇಜಿನ ಮೇಲೆ ಕೂತಿದೆ. ನೋಂದಣಿಯ ಎಂಟನೆಯ ವರ್ಷ, ಅಂದರೆ ಕೊನೆಯ ವರ್ಷ, ಜುಲೈಗೆ ಮುಗಿಯುತ್ತದೆ. ಪೇಪರ್ ಹೋದರೆ ಎಂಟು ವರ್ಷವೂ ಅದರ ಜೊತೆಗೇ ಹೋದ ಹಾಗೆ.

ಕಾಂಕ್ರೀಟಿಗೋ, ಯಾರ ಅವಸರವೂ ಗೊತ್ತಿಲ್ಲ. ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮಲಗೆದ್ದ ಮೇಲೆಯೇ ಅದರ ಪರೀಕ್ಷೆ. ಹಾಗಾಗಿ ಅರವತ್ತು ದಿನದಲ್ಲಿ ಎರಡೇ ಸಲ ಮಾಡಿ ನೋಡಲು ಸಾಧ್ಯ. ಒಂದು ಸಲ ಈಗ ಕೈ ತಪ್ಪಿತು. ಇವತ್ತು ಮೂವತ್ತೊಂದನೆಯ ದಿನ. ನಾಳೆ ಸಂಜೆಯೊಳಗೆ ಇನ್ನೊಂದು ಸಲ ಕಲಸಿ ಅಚ್ಚಿಗೆ ಹಾಕದಿದ್ದರೆ ಮುಗಿಯಿತು.

ಅವಳ ಗೈಡ್ ಗ್ಲಾಡ್ಸನ್ ಸಾರ್ ಮಡಿಕೆ ಕೆಡದ ಬಿಳಿ ಅಂಗಿಯ ಮನುಷ್ಯ. ಲ್ಯಾಬಿಗೆ ಬಂದರೆ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವವರು. ಅವರ ಕೋಣೆಗೆ ಹೋಗಿ ಅವಳು ಅಂಕಿ ಹೇಳಿದಳು. ಸಾರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಏನೋ ಒಂದು ಬದಲಾಗಿದೆ. ಸಿಮೆಂಟು?"

"ಅದೇ ಕಂಪನಿದು ಸಾರ್, ಅದೇ ದರ್ಜೆ."

"ಮರಳು? ಜಲ್ಲಿ?"

"ಅದೇ ಕ್ವಾರಿ."

"ನೀರು?"

"ಅದೇ ನಲ್ಲಿ ಸಾರ್."

"ಬೂದಿ?"

"ಅದೇ ಮೂಟೆ. ಉಳಿದಿದ್ದನ್ನ ಬಿಗಿಯಾಗಿ ಕಟ್ಟಿ ಇಟ್ಟಿದ್ದೆ. ಕಲಸಿದ್ದೂ ನಾನೇ, ಜೊತೆಗೆ ಅಣ್ಣಾಚಿ ಇದ್ರು."

"ಹಾಗಾದ್ರೆ ದೆವ್ವ," ಎಂದರು ಸಾರ್ ನಗದೆ. "ಸಂಪಾದಕರಿಗೆ ದೆವ್ವ ಅಂತ ಬರೆಯೋಕಾಗುತ್ತೇನಮ್ಮಾ? ಹೋಗು, ಹಳೇ ನೋಟ್‌ಬುಕ್ ತೆಗೆದು ಮೊದಲನೇ ಪುಟದಿಂದ ಓದು. ಬರೆದದ್ದು ನೀನೇ ಆದ್ರೂ ಯಾರೋ ಬೇರೆಯವರು ಬರೆದದ್ದು ಅಂದ್ಕೊಂಡು ಓದು."

ಲ್ಯಾಬಿನ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಅವಳು ಓದಿದಳು. ತನ್ನದೇ ಕೈಬರಹ, ತನ್ನದೇ ದುಂಡು ಅಕ್ಷರ. ಓದಿದಷ್ಟೂ ಸಿಟ್ಟು ಬಂತು. ಇಷ್ಟು ನೀಟಾಗಿ ಬರೆದಿಟ್ಟರೂ ಕೈ ಕೊಟ್ಟರೆ ಹೇಗೆ? ಶೇಕಡಾ ಹನ್ನೆರಡರ ಮಾಲನ್ನು ಅವಳು ಎಲ್ಲಕ್ಕಿಂತ ಮೊದಲು ಕಲಸಿದ್ದಳು, "ನಡುವಿನಿಂದ ಶುರು ಮಾಡು" ಎಂದು ಸಾರ್ ಹೇಳಿದ್ದರಿಂದ. ಆ ಪುಟದ ತಳದಲ್ಲಿ ಎರಡು ಸಾಲು ಇತ್ತು: ಮರುದಿನ ಅಚ್ಚು ಬಿಚ್ಚಿದೆ, ಅಂಚು ಉದುರಿತು, ಇನ್ನೂ ಮೆತ್ತಗಿದೆ. ಉಳಿದವನ್ನು ಇನ್ನೊಂದು ದಿನ ಅಚ್ಚಿನಲ್ಲೇ ಬಿಟ್ಟೆ.

ಅವಳು ಮುಂದಿನ ಪುಟಗಳನ್ನು ತಿರುವಿದಳು. ನಾಲ್ಕರದ್ದು: ಅಚ್ಚು ಬಿಚ್ಚಿದೆ, ಸರಿಯಿದೆ. ಎಂಟರದ್ದು: ಸರಿಯಿದೆ. ಹದಿನಾರು: ಸರಿಯಿದೆ. ಕಳೆದ ತಿಂಗಳು ಮತ್ತೆ ಮಾಡಿದ ಹನ್ನೆರಡು: ಸರಿಯಿದೆ.

ಅಲ್ಲ, ಅದೇ ಮಾಲು ಒಂದು ಸಲ ಗಟ್ಟಿಯಾಗಲು ಎರಡು ದಿನ ತೆಗೆದುಕೊಂಡು, ಇನ್ನೊಂದು ಸಲ ಒಂದೇ ದಿನಕ್ಕೆ ಗಟ್ಟಿಯಾಗುವುದು ಎಂದರೇನು? ತಡವಾಗಿ ಬಿಗಿದುಕೊಂಡು ಆಮೇಲೆ ಹೆಚ್ಚು ಬಲ ಕೊಡುವುದು ಯಾವುದರ ಗುಣ? ಮೊದಲನೆಯ ವರ್ಷದ ಸಿವಿಲ್ ವಿದ್ಯಾರ್ಥಿಗೂ ಗೊತ್ತು. ಸಿಹಿಯ ಗುಣ. ಕಾಂಕ್ರೀಟಿಗೆ ಹಿಡಿ ಸಕ್ಕರೆ ಬಿದ್ದರೆ ಅದು ಗಟ್ಟಿಯೇ ಆಗುವುದಿಲ್ಲ, ಚಿಟಿಕೆ ಬಿದ್ದರೆ ತಡವಾಗಿ ಗಟ್ಟಿಯಾಗಿ ಮತ್ತಷ್ಟು ಬಲ ಪಡೆಯುತ್ತದೆ.

ಅವಳು ಫೋನ್ ತೆಗೆದು ಎರಡು ವರ್ಷದ ಹಿಂದಿನ ಫೋಟೋಗಳನ್ನು ಹುಡುಕಿದಳು. ಮೊದಲ ದಿನದ ಫೋಟೋ ಸಿಕ್ಕಿತು: ಸಲಿಕೆ ಹಿಡಿದುಕೊಂಡು ಅವಳು, ಪಕ್ಕದಲ್ಲಿ ಕೈಕಟ್ಟಿ ನಿಂತ ಅಣ್ಣಾಚಿ, ಕಾಲ ಬಳಿ ನೀಲಿ ಬಕೆಟ್ಟು. ಬೆರಳಿನಿಂದ ಹಿಗ್ಗಿಸಿ ನೋಡಿದರೆ ಬಕೆಟ್ಟಿನ ಅಂಚಿನಲ್ಲಿ ಕಪ್ಪು ಗೆರೆ. ಇನ್ನಷ್ಟು ಹಿಗ್ಗಿಸಿದಳು. ಗೆರೆಯಲ್ಲ, ಇರುವೆ ಸಾಲು.

"ಅಯ್ಯಯ್ಯೋ, ಪಾಯಸ!" ಎಂದು ಅವಳು ಒಬ್ಬಳೇ ಕೂಗಿಬಿಟ್ಟಳು. ಮದುವೆ ಊಟದ ಎಲೆ ಅಲ್ಲವೇ, ಎಲೆಯ ಮೇಲೆ ಪಾಯಸ ಅಂಟಿಕೊಂಡಿರುತ್ತದೆ, ಅದೇ ಬೂದಿಗೆ ಬಂದಿದೆ! ಅರೆಗಳಿಗೆ ಖುಷಿಯಾಯಿತು, ಮರುಗಳಿಗೆಗೆ ನಾಲಿಗೆ ಕಚ್ಚಿಕೊಂಡಳು. ಕುಲುಮೆಯ ಬೆಂಕಿಯಲ್ಲಿ ಪಾಯಸ ಉಳಿಯುವುದುಂಟೇ? ಉಳಿದಿದ್ದರೂ ಅದೇ ಬೂದಿ ಹೆಚ್ಚು ಬಿದ್ದ ಹದಿನಾರರ ಮಾಲಿನಲ್ಲಿ ಸಿಹಿಯೂ ಹೆಚ್ಚಿರಬೇಕಿತ್ತು. ಇರುವೆಗಳು ಬೂದಿಯ ಮೂಟೆಯ ಹತ್ತಿರ ಸುಳಿದೂ ಇರಲಿಲ್ಲ. ಅವು ಬಂದಿದ್ದು ನೀರಿನ ಬಕೆಟ್ಟಿಗೆ. ಅದೂ ಆ ಒಂದು ದಿನ ಮಾತ್ರ.

ನಾಲ್ಕು ಗಂಟೆಯಾಗಿತ್ತು. ಇಸಕ್ಕಿಮುತ್ತು ಅಣ್ಣಾಚಿ ಒಡೆದ ಕ್ಯೂಬುಗಳ ರಾಶಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಹಾಲಿಲ್ಲದ ಕಾಫಿ. ಅವರು ಲೋಟಕ್ಕೆ ಸಿಹಿ ಹಾಕಿಕೊಳ್ಳುವವರಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಕಪ್ಪನೆಯ ತಾಳೆಬೆಲ್ಲದ ಚೂರು, ಆ ಕಡೆಯವರು ಕರುಪಟ್ಟಿ ಎನ್ನುತ್ತಾರಲ್ಲ ಅದನ್ನು, ಕಟಕ್ಕನೆ ಕಚ್ಚಿ ಒಂದು ಗುಟುಕು ಕುಡಿಯುವುದು ಅವರ ಪದ್ಧತಿ. ಎಂಟು ವರ್ಷದಿಂದ ದಿನಾ ನೋಡಿದ ನೋಟ. ಶೆಂಬಗವಲ್ಲಿ ಇವತ್ತು ಅದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಅಣ್ಣಾಚಿ," ಎಂದಳು ಮೆಲ್ಲಗೆ, "ನನ್ನ ಮೊದಲನೇ ಮಾಲು ಕಲಸಿದ ದಿನ ಬಕೆಟ್ಟಿಗೆ ಏನಾದ್ರೂ ಬಿತ್ತಾ?"

"ಬೀಳೋದೇನು? ನಾನೇ ಹಾಕಿದೆ."

"ಏನು ಹಾಕಿದ್ರಿ?"

ಅಣ್ಣಾಚಿ ಪೊಟ್ಟಣವನ್ನು ಸ್ವಲ್ಪ ಮೇಲೆತ್ತಿ ತೋರಿಸಿದರು. ಮುಖದಲ್ಲಿ ಕಳ್ಳತನದ ಛಾಯೆಯೂ ಇರಲಿಲ್ಲ. "ನಮ್ಮಪ್ಪ ಗಾರೆ ಮೇಸ್ತ್ರಿ, ತಾಯೀ. ಯಾರ ಮನೆ ಕಟ್ಟಲಿ, ಮೊದಲನೇ ಬಕೆಟ್ ನೀರಿಗೆ ಒಂದು ತುಂಡು ಕರುಪಟ್ಟಿ ಹಾಕದೆ ಮಾಲು ಮುಟ್ಟುತ್ತಿರಲಿಲ್ಲ. ಹುಟ್ಟಿದ ಮಗು ನಾಲಿಗೆಗೆ ಸಿಹಿ ಮುಟ್ಟಿಸಲ್ವಾ? ಹಾಗೆ. ನೀವು ಮಕ್ಕಳು ದೂರದಿಂದ ಓದೋಕೆ ಬರ್ತೀರಿ. ನಿಮ್ಮ ಕೆಲಸಕ್ಕೆ ಬಾಯಿ ಸಿಹಿ ಮಾಡೋರು ಇಲ್ಲಿ ಯಾರಿದ್ದಾರೆ?"

"ಕಳೆದ ತಿಂಗಳು ಯಾಕೆ ಹಾಕಲಿಲ್ಲ?"

"ಅದು ಮೊದಲನೇದಲ್ವಲ್ಲ! ಒಬ್ಬರಿಗೆ ಒಂದೇ ಸಲ."

ಶೆಂಬಗವಲ್ಲಿ ಕ್ಯೂಬುಗಳ ರಾಶಿಯ ಮೇಲೆ ಅವರ ಪಕ್ಕ ಕೂತಳು. ನಗು ಬರುತ್ತಿತ್ತು. "ಒಬ್ಬರಿಗೆ ಅಂದ್ರೆ... ಅಣ್ಣಾಚಿ, ಇನ್ನೂ ಯಾರ್‍ಯಾರಿಗೆ ಹಾಕಿದ್ದೀರಿ?"

"ಯಾರಿಗೆ ಬಿಟ್ಟಿದ್ದೀನಿ ಅಂತ ಕೇಳು," ಎಂದರು ಅಣ್ಣಾಚಿ ಹೆಮ್ಮೆಯಿಂದ. "ಹತ್ತೊಂಬತ್ತು ವರ್ಷ ಆಯ್ತು ನಾನು ಈ ಲ್ಯಾಬಿಗೆ ಬಂದು."

ಅವಳು ಅವರ ಕೈ ಹಿಡಿದು ಎಬ್ಬಿಸಿಕೊಂಡು ಗ್ಲಾಡ್ಸನ್ ಸಾರ್ ಕೋಣೆಗೆ ಹೋದಳು. ಕಾಫಿ ಲೋಟ ಅಲ್ಲೇ ಉಳಿಯಿತು. ಸಾರ್ ಕತೆಯನ್ನೆಲ್ಲ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಅವರ ಅಂಗಿಗಿಂತ ಬೆಳ್ಳಗಾಯಿತು. ಯಾಕೆ ಆಗದು? ಅವರೂ ಹದಿನೇಳು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ, ಇದೇ ಅಣ್ಣಾಚಿಯ ಕೈಕೆಳಗೆ ಮಾಲು ಕಲಸಿ ಡಾಕ್ಟರ್ ಆದವರು.

"ಅಣ್ಣಾಚಿ," ಎಂದರು, "ನನಗೂ ಹಾಕಿದ್ರಾ?"

"ಹಾಕದೆ ಇರ್ತೀನಾ ಸಾರ್? ನೀವು ಬಂದಾಗ ಕಡ್ಡಿ ಹಾಗಿದ್ರಿ. ಪಾಪ ಅಂತ ದೊಡ್ಡ ತುಂಡೇ ಹಾಕಿದ್ದೆ."

ಈಗ ಬೈಯುತ್ತಾರೆ, ಈಗ ಎದ್ದು ಕೂಗಾಡುತ್ತಾರೆ ಎಂದು ಶೆಂಬಗವಲ್ಲಿ ಕಾದಳು. ಸಾರ್ ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಎಷ್ಟು ದೊಡ್ಡದು?" ಎಂದರು.

ಅಲ್ಲಿಂದ ಮುಂದೆ ಅವರು ಹೆದರಿದ ಪ್ರೊಫೆಸರ್ ಆಗಿ ಉಳಿಯಲಿಲ್ಲ, ಎಂಜಿನಿಯರ್ ಆಗಿಬಿಟ್ಟರು. ಸೂಕ್ಷ್ಮ ತಕ್ಕಡಿ ತರಿಸಿದರು. ಅಣ್ಣಾಚಿಗೆ ಒಂದು ಅಚ್ಚು ಕರುಪಟ್ಟಿ ಕೊಟ್ಟು, ಮೊದಲ ಮಾಲಿಗೆ ಮುರಿಯುವ ಹಾಗೆಯೇ ಹತ್ತು ತುಂಡು ಮುರಿಯಲು ಹೇಳಿದರು. ಗೋಲಿ ಗಾತ್ರದ ಹತ್ತು ತುಂಡು. ಒಂದೊಂದನ್ನೇ ತೂಗಿದರೆ ಅತಿ ಚಿಕ್ಕದು ನಾಲ್ಕು ಪಾಯಿಂಟ್ ಆರು ಗ್ರಾಂ, ಅತಿ ದೊಡ್ಡದು ಐದು. ಸರಾಸರಿ ನಾಲ್ಕು ಪಾಯಿಂಟ್ ಎಂಟು.

"ಮೂರು ವರ್ಷಕ್ಕೊಂದು ಸಲ ತಕ್ಕಡಿ ರಿಪೇರಿ ಮಾಡಿಸ್ತೀವಿ," ಎಂದರು ಸಾರ್ ಬೆರಗಾಗಿ. "ಇವರ ಬೆರಳಿಗೆ ಅದೂ ಬೇಡ. ಅಣ್ಣಾಚಿ, ದೊಡ್ಡ ತುಂಡು ಹಾಕಿದ್ದೆ ಅಂದ್ರಲ್ಲ, ಸುಳ್ಳು. ನನಗೂ ಇಷ್ಟೇ ಹಾಕಿದ್ದೀರಿ."

ಅಣ್ಣಾಚಿ ತಲೆ ಕೆರೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಯಾಕೆ ಸಾರ್ ತೂಗ್ತಿದ್ದೀರಿ? ತಪ್ಪಾಯ್ತಾ?"

ಹೇಳಲೇಬೇಕಾಯಿತು. ಶೆಂಬಗವಲ್ಲಿಯೇ ಹೇಳಿದಳು, ಆದಷ್ಟು ಮೆತ್ತಗೆ. ಬೆಲ್ಲ ಬಿದ್ದರೆ ಕಾಂಕ್ರೀಟಿನ ಬಲ ಬದಲಾಗುತ್ತದೆ, ತಾನು ಬಾಳೆಲೆಯ ಬೂದಿಯದೆಂದು ಬರೆದ ಬಲ ಬೆಲ್ಲದ್ದಿರಬಹುದು, ಹಾಗಿದ್ದರೆ ಪೇಪರ್ ಹೋಗುತ್ತದೆ, ಪೇಪರಿನ ಹಿಂದೆ ಡಿಗ್ರಿ. ಅಣ್ಣಾಚಿ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಅವಳು ಲ್ಯಾಬಿನಲ್ಲಿ ಅಚ್ಚುಗಳಿಗೆ ಎಣ್ಣೆ ಸವರುತ್ತಾ ನಿಂತಿದ್ದಳು. ಒಟ್ಟು ಹನ್ನೆರಡು ಅಚ್ಚು. ಅವಳಿಗೆ ಬೇಕಿದ್ದದ್ದು ಮೂರೇ. ಸಂಪಾದಕರು ಕೇಳಿದ್ದೇನು? ಮೊದಲು ಮಾಡಿದ ಹಾಗೆಯೇ ಮತ್ತೆ ಮಾಡಿ ತೋರಿಸಿ ಎಂದು. ಮೊದಲು ಬೂದಿಯೂ ಇತ್ತು, ಬೆಲ್ಲವೂ ಇತ್ತು. ಎರಡನ್ನೂ ಹಾಕಿದರೆ ನಲವತ್ತನಾಲ್ಕು ಬಂದೇ ಬರುತ್ತದೆ. ಅಂಕಿ ಕಳಿಸಿದರೆ ಪೇಪರ್ ಉಳಿಯುತ್ತದೆ, ಜುಲೈಯೊಳಗೆ ಕೆಂಪು ರಟ್ಟಿನ ಥೀಸಿಸ್ ಒಳಗೆ ಹೋಗುತ್ತದೆ. ಬೆಲ್ಲದ ಮಾತು ಎತ್ತದಿದ್ದರೆ ಯಾರಿಗೆ ತಿಳಿಯಬೇಕು? ಉತ್ತರದವರ ಲ್ಯಾಬಿನಲ್ಲಿ ಇಸಕ್ಕಿಮುತ್ತು ಇಲ್ಲ, ಅದು ಅವರ ದುರದೃಷ್ಟ. ಹೌದು, ಹೀಗೆಲ್ಲ ಯೋಚಿಸಿದಳು. ಯೋಚಿಸಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಎಂಟು ವರ್ಷ ಅಂದರೆ ಹುಡುಗಾಟವಲ್ಲ.

ಗ್ಲಾಡ್ಸನ್ ಸಾರ್ ಬಾಗಿಲಲ್ಲಿ ಬಂದು ನಿಂತರು. "ಏನು ಮಾಡ್ತೀಯಮ್ಮಾ?" ಎಂದರು. ಅವರೂ ರಾತ್ರಿಯಿಡೀ ಅದನ್ನೇ ಯೋಚಿಸಿದ್ದರೆಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. "ಇದು ನಿನ್ನ ಎಂಟು ವರ್ಷ. ನಾನು ಹೀಗೆ ಮಾಡು ಅಂತ ಹೇಳಲ್ಲ."

"ಎರಡೂ ಹಾಕಿ ಬರೀ ಮೂರು ಕ್ಯೂಬು ಮಾಡಿದ್ರೆ ಅಂಕಿ ಬರುತ್ತೆ ಸಾರ್."

"ಬರುತ್ತೆ."

"ಆದ್ರೆ ಬೂದಿ ಏನಾದ್ರೂ ಮಾಡುತ್ತೋ ಇಲ್ವೋ ಅಂತ ನನಗೆ ಯಾವತ್ತೂ ಗೊತ್ತಾಗಲ್ಲ." ಅವಳು ಎಣ್ಣೆಯ ಬಟ್ಟೆಯನ್ನು ಮೇಜಿನ ಮೇಲೆ ಬಿಸಾಡಿದಳು. "ಎಷ್ಟು ಮದುವೆ ಮನೆ ಹಿಂದೆ ಮೂಗು ಮುಚ್ಕೊಂಡು ಎಲೆ ಆರಿಸಿದ್ದೀನಿ ಸಾರ್! ಅದಕ್ಕೆ ಬಲ ಇದೆಯೋ ಇಲ್ವೋ ಗೊತ್ತಾಗದೆ ನಾನು ಹೇಗಿರಲಿ? ಹನ್ನೆರಡು ಅಚ್ಚೂ ತುಂಬ್ತೀನಿ."

ಮೂರು ಕ್ಯೂಬು ಏನೂ ಬೆರೆಸದ್ದು, ಮೂರು ಬರೀ ಬೂದಿಯದು, ಮೂರು ಬರೀ ಬೆಲ್ಲದ್ದು, ಮೂರು ಎರಡೂ ಸೇರಿದ್ದು. ಮೊದಲ ಸಲ ಆರು ಕ್ಯೂಬಿನ ಮಾಲಿಗೆ ಒಂದು ತುಂಡು ಬಿದ್ದಿತ್ತು, ಈಗ ಮೂರಕ್ಕೆ ಅರ್ಧ, ಎರಡು ಪಾಯಿಂಟ್ ನಾಲ್ಕು ಗ್ರಾಂ. ಮನಸ್ಸಿನೊಳಗೆ ಒಂದು ಆಸೆ ಇಟ್ಟುಕೊಂಡೇ ಅವಳು ಕಲಸಿದಳು. ಬೆಲ್ಲ ಸ್ವಲ್ಪ ಮಾಡಿರಲಿ, ಬೂದಿಯೂ ಸ್ವಲ್ಪ ಮಾಡಿರಲಿ. ಅರ್ಧ ಗುಡ್ಡವಾದರೂ ತನ್ನದಾಗಿದ್ದರೆ ಪೇಪರನ್ನು ತಿದ್ದಿ ಉಳಿಸಿಕೊಳ್ಳಬಹುದು.

ಇಪ್ಪತ್ತೆಂಟು ದಿನ. ಆ ದಿನಗಳಲ್ಲಿ ಅಣ್ಣಾಚಿ ಹೇಳಿದ ಕೆಲಸ ಮಾಡಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಕಾಫಿ ಕುಡಿಯಲು ಲ್ಯಾಬಿನಿಂದ ಆಚೆ ಬಸ್‌ಸ್ಟಾಪಿನವರೆಗೂ ಹೋಗಿಬಿಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗನೊಬ್ಬ ಮೊದಲ ಮಾಲು ಕಲಸಿದ ದಿನ ಗೋಡೆಗೆ ಆನಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಗ್ಲಾಡ್ಸನ್ ಸಾರ್ ಮಾತ್ರ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟು ಒಳಗೇ ಬಂದರು. ಹತ್ತೊಂಬತ್ತು ವರ್ಷದ ರಿಜಿಸ್ಟರುಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಇಪ್ಪತ್ತಮೂರು ಮಂದಿಯ ಮೊದಲ ಮಾಲುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಹೆಚ್ಚಿನವರದು ಪ್ರಾಯೋಗಿಕ ಮಾಲೆಂದು ಬದಿಗಿಟ್ಟದ್ದರಿಂದ ಲೆಕ್ಕಕ್ಕೆ ಬಂದಿರಲಿಲ್ಲ. ನಾಲ್ವರದು ಲೆಕ್ಕಕ್ಕೆ ಬಂದಿತ್ತು. ಆ ನಾಲ್ವರಲ್ಲಿ ಒಬ್ಬರು ಗ್ಲಾಡ್ಸನ್. ಒಂದು ಮಧ್ಯಾಹ್ನ ಶೆಂಬಗವಲ್ಲಿ ಬಂದು ನೋಡಿದರೆ ಸಾರ್ ತೋಳು ಮಡಚಿಕೊಂಡು ತಮ್ಮ ಹಳೆಯ ಮಾಲನ್ನು ತಾವೇ ಕಲಸುತ್ತಿದ್ದಾರೆ, ಬಿಳಿ ಅಂಗಿಯ ಮೇಲೆಲ್ಲ ಸಿಮೆಂಟು.

"ಗೊತ್ತಾಗದೆ ಹೇಗಿರಲಿ ಅಂದೆಯಲ್ಲ," ಎಂದರು ಅವರು ತಲೆಯೆತ್ತದೆ. "ನನಗೂ ನಿದ್ದೆ ಬರ್ತಿಲ್ಲ."

ಅರವತ್ತನೆಯ ದಿನ ಬೆಳಿಗ್ಗೆ ಮೂವರೂ ಯಂತ್ರದ ಮುಂದೆ ನಿಂತರು. ಏನೂ ಬೆರೆಸದ್ದರ ಸರಾಸರಿ ಮೂವತ್ತೆಂಟು ಪಾಯಿಂಟ್ ಒಂದು. ಬರೀ ಬೆಲ್ಲದ್ದು ನಲವತ್ತಮೂರು ಪಾಯಿಂಟ್ ಒಂಬತ್ತು. ಎರಡೂ ಸೇರಿದ್ದು ನಲವತ್ತನಾಲ್ಕು ಪಾಯಿಂಟ್ ಎರಡು. ಬರೀ ಬೂದಿಯದನ್ನು ಅವಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಮೊದಲನೆಯದು ಒಡೆಯಿತು. ಎರಡನೆಯದು ಒಡೆಯಿತು. ಮೂರನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡಳು.

"ಓದಿ ಅಣ್ಣಾಚಿ."

"ಮೂವತ್ತೆಂಟು ಪಾಯಿಂಟ್ ನಾಲ್ಕು."

ಗುಡ್ಡ ಬೂದಿಯದಲ್ಲ. ಅರ್ಧವೂ ಅಲ್ಲ, ಕಾಲೂ ಅಲ್ಲ. ಶೆಂಬಗವಲ್ಲಿಗೆ ಅಳು ಬಂತು, ಬಂತು ಎಂದರೆ ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ಬಂದೇಬಿಟ್ಟಿತು. ಅಣ್ಣಾಚಿ ಟವೆಲ್ಲು ಹಿಡಿದುಕೊಂಡು ಕೊಡಲೋ ಬೇಡವೋ ಎಂದು ಒದ್ದಾಡಿದರು. ಗ್ಲಾಡ್ಸನ್ ಸಾರ್ ಕಿಟಕಿಯ ಕಡೆ ತಿರುಗಿ ನಿಂತರು. ಅವಳು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ರಿಜಿಸ್ಟರನ್ನು ಎಳೆದುಕೊಂಡಳು.

"ಸಾರ್, ಬೂದಿ ಇಲ್ಲದೆ, ಬರೀ ಬೆಲ್ಲಕ್ಕೆ ಐದು ಪಾಯಿಂಟ್ ಎಂಟು ಏರಿದೆ. ಹಾಕಿದ್ದು ಎರಡೂವರೆ ಗ್ರಾಮೂ ಇಲ್ಲ!" ಅವಳು ಅಂಕಿಯ ಕೆಳಗೆ ಗೆರೆ ಎಳೆದಳು. "ಸಕ್ಕರೆ ಹೀಗೆ ಮಾಡುತ್ತೆ ಅಂತ ಪುಸ್ತಕದಲ್ಲಿದೆ. ಕರುಪಟ್ಟಿ ಸಕ್ಕರೆಗಿಂತ ಜಾಸ್ತಿ ಮಾಡ್ತಾ ಇದೆಯಾ? ಒಂದು ಗ್ರಾಂ ಹಾಕಿದ್ರೆ? ನಾಲ್ಕು ಹಾಕಿದ್ರೆ ಬೀಳುತ್ತಾ?"

ಸಾರ್ ಕಿಟಕಿಯಿಂದ ತಿರುಗಿದರು. "ಮೊದಲು ಕಾಗದ ಬರಿ," ಎಂದರು.

ಅವಳು ಅಂದೇ ಸಂಪಾದಕರಿಗೆ ಬರೆದಳು. ತಪ್ಪು ಎಲ್ಲಿ ಆಯಿತೆಂದು ಬರೆದಳು, ನಾಲ್ಕು ಬಗೆಯ ಅಂಕಿಗಳನ್ನೂ ಕೊಟ್ಟಳು, ಪೇಪರನ್ನು ಹಿಂದಕ್ಕೆ ತೆಗೆದುಕೊಂಡಳು. ಅಣ್ಣಾಚಿಯ ಹೆಸರು ಹಾಕಲಿಲ್ಲ. ನೀರಿನಲ್ಲಿ ತಾಳೆಬೆಲ್ಲ ಇದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ, ಗಮನಿಸಬೇಕಾದವಳು ನಾನೇ ಎಂದು ಬರೆದು, ಕಳುಹಿಸುವ ಗುಂಡಿ ಒತ್ತಿದಳು.

ಡೀನ್ ಸಾಹೇಬರು ಮೊದಲು ಕೆಂಡಾಮಂಡಲವಾದರು. ನೋಂದಣಿ ಮುಂದುವರಿಸುವ ಮಾತೇ ಇಲ್ಲ ಎಂದರು. ಆಗ ಗ್ಲಾಡ್ಸನ್ ಸಾರ್ ಅವಳ ಅರ್ಜಿಯ ಪಕ್ಕದಲ್ಲಿ ತಮ್ಮದೂ ಒಂದು ಕಾಗದ ಇಟ್ಟರು. ತಮ್ಮ ಥೀಸಿಸ್ಸಿನ ಮೂರನೆಯ ಅಧ್ಯಾಯದ ಮೊದಲ ಮಾಲಿನ ಅಂಕಿಗಳೂ ತಪ್ಪು ಎಂದು ಅದರಲ್ಲಿತ್ತು. "ನೀವೂನಾ?" ಎಂದು ಡೀನ್ ತಲೆಯ ಮೇಲೆ ಕೈ ಹೊತ್ತು ಕೂತರು. ಕೊನೆಗೆ ಆರು ತಿಂಗಳು ಕೊಟ್ಟರು. ಒಂದೇ ಸಲ, ಆಮೇಲೆ ಒಂದು ದಿನವೂ ಇಲ್ಲ. ಆರು ತಿಂಗಳಲ್ಲಿ ಹೊಸ ಪೇಪರ್ ಅಚ್ಚಿಗೆ ಒಪ್ಪಿತವಾಗಬೇಕು. ಆಗುತ್ತದೆ ಎಂದು ಯಾರೂ ಭರವಸೆ ಕೊಡಲಿಲ್ಲ.

ಗೇಟಿನ ಫ್ಲೆಕ್ಸ್ ಮರುದಿನವೇ ಇಳಿಯಿತು. ಸೋಮವಾರ ಶೆಂಬಗವಲ್ಲಿ ಲ್ಯಾಬಿಗೆ ಬಂದು ನೋಡಿದರೆ ಸಿಮೆಂಟ್ ಮೂಟೆಗಳಿಗೆ ಅದನ್ನೇ ಹೊದಿಸಲಾಗಿತ್ತು. ಬಾಳೆಲೆ ಮೇಲೆ, ಅವಳ ಮುಖ ತಲೆಕೆಳಗಾಗಿ ಗೋಡೆಯ ಕಡೆಗೆ.

"ಒಳ್ಳೇ ಗಟ್ಟಿ ಬಟ್ಟೆ," ಎಂದರು ಅಣ್ಣಾಚಿ ಹಿಂದಿನಿಂದ. "ತೇವ ಒಳಗೆ ಬಿಡಲ್ಲ."

ಒಂದು ತಿಂಗಳಿನಿಂದ ಅವರು ತಾವಾಗಿ ಆಡಿದ ಮೊದಲ ಮಾತು ಅದು. ಶೆಂಬಗವಲ್ಲಿಗೆ ನಗು ತಡೆಯಲಾಗಲಿಲ್ಲ. "ನನ್ನ ಮುಖ ಕೊನೆಗೂ ಸಿಮೆಂಟಿನ ಕೆಲಸಕ್ಕೆ ಬಂತು ಬಿಡಿ ಅಣ್ಣಾಚಿ!"

ಹೊಸ ಪ್ರಯೋಗ ಅಂದೇ ಶುರು. ಬೂದಿ ಇಲ್ಲ, ಬರೀ ಕರುಪಟ್ಟಿ, ಏಳು ಬೇರೆ ಬೇರೆ ಅಳತೆ. ಮೊದಲನೆಯದು ಏನೂ ಬೆರೆಸದ ಮಾಲು. ಅವಳು ನೀರು ಅಳೆದು ನೀಲಿ ಬಕೆಟ್ಟಿಗೆ ಸುರಿದು, ಬಕೆಟ್ಟಿಗೆ ಮುಚ್ಚಳ ಹಾಕಿದಳು. ಈಗ ಅದೇ ಲ್ಯಾಬಿನ ನಿಯಮ. ಸಲಿಕೆ ತೆಗೆದುಕೊಳ್ಳಲು ಬಾಗಿದಾಗ ಅಣ್ಣಾಚಿ ತಕ್ಕಡಿಯ ಹತ್ತಿರ ನಿಂತು ಜೇಬಿನಿಂದ ಪೊಟ್ಟಣ ತೆಗೆಯುವುದು ಕಾಣಿಸಿತು.

"ಅಣ್ಣಾಚಿ!" ಎಂದು ಅವಳು ಕಿರುಚಿಯೇಬಿಟ್ಟಳು.

"ಕೂಗಬೇಡ. ಗೊತ್ತಿದೆ." ಅವರು ಒಂದು ತುಂಡು ಮುರಿದು ತಕ್ಕಡಿಯ ತಟ್ಟೆಯ ಮೇಲೆ ಇಟ್ಟರು, ಬಗ್ಗಿ ಅಂಕಿ ಓದಿಕೊಂಡರು. ತುಂಡನ್ನು ಎತ್ತಿಕೊಂಡು, ಮುಚ್ಚಿದ ಬಕೆಟ್ಟನ್ನು ಸುತ್ತಿ ಬಳಸಿ, ಅದರಿಂದ ಒಂದು ಮಾರು ದೂರವಿಟ್ಟುಕೊಂಡು ಅವಳ ಮುಂದೆ ಬಂದು ನಿಂತರು. "ಹೊಸ ಕೆಲಸ, ಹೊಸ ಮಾಲು. ಲೆಕ್ಕದ ಪ್ರಕಾರ ಇದು ಮೊದಲನೇದೇ. ಬಾಯಿ ತೆರಿ ತಾಯೀ."

ಅವಳು ಬಾಯಿ ತೆರೆದಳು. ಕರುಪಟ್ಟಿ ದೊಡ್ಡದಿತ್ತು, ಒಂದು ಕೆನ್ನೆ ಉಬ್ಬಿತು. ಕಣ್ಣು ತುಂಬಿಕೊಂಡಿತು. ಅಣ್ಣಾಚಿ ಬೆರಳನ್ನು ಬಟ್ಟೆಗೆ ಒರೆಸಿ, ನಲ್ಲಿಯಲ್ಲಿ ತೊಳೆದು, ಮತ್ತೆ ಒರೆಸಿಕೊಂಡರು. ಕಿವಿಯ ಮೇಲಿನ ಪೆನ್ನು ತೆಗೆದು ರಿಜಿಸ್ಟರಿನ ಹೊಸ ಪುಟದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದರು: ಮೊದಲ ಮಾಲು. ಕರುಪಟ್ಟಿ 4.8 ಗ್ರಾಂ. ಹುಡುಗಿಯ ಬಾಯಿಗೆ. ಬಕೆಟ್ಟಿಗೆ ಇಲ್ಲ.